ಶೇಕಡಾ 11ರಲ್ಲಿ ನಿಂತ ಚೆಕ್‌ಡಿಸ್ಕ್: ಒಂದು ಪ್ರಕರಣ

ಭಾವ ಫೋನ್ ಮಾಡಿದಾಗ ರಾತ್ರಿ ಹತ್ತಾಗಿತ್ತು. ಅವರ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ಮಧ್ಯಾಹ್ನದಿಂದ ತೆರೆದೇ ಇತ್ತು.

"ಹಂತ 4, ಶೇಕಡಾ 11 ಅಂತ ತೋರಿಸ್ತಿದೆ. ಮಧ್ಯಾಹ್ನ ಇನ್ನು ಆರು ಗಂಟೆ ಬೇಕು ಅಂತಿತ್ತು, ಈಗ ಹತ್ತೊಂಬತ್ತು ಗಂಟೆ ಅಂತಿದೆ. ಇದು ಮುಂದಕ್ಕೆ ಹೋಗ್ತಿದೆಯೋ ಹಿಂದಕ್ಕೋ ನೀನೇ ಹೇಳು."

"ಭಾವ, ಏನು ಟೈಪ್ ಮಾಡಿದ್ರಿ, ಹಾಗೇ ಓದಿ."

"ಚೆಕ್‌ಡಿಸ್ಕ್ ಇ ಕೋಲನ್, ಸ್ಲ್ಯಾಶ್ ಎಫ್, ಸ್ಲ್ಯಾಶ್ ಆರ್. ಆಫೀಸಿನಲ್ಲಿ ಒಬ್ರು ಹೇಳಿದ್ರು."

ಸಲಹೆ ಕೊಟ್ಟವರನ್ನು ಬೈಯುವಂತಿಲ್ಲ. ಚೆಕ್‌ಡಿಸ್ಕ್ ಎಂದರೆ ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸ್ ಆದೇಶ; ಡ್ರೈವ್ ಕೈಕೊಟ್ಟಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ. ಅಂದಹಾಗೆ /ಆರ್ ಕೊಟ್ಟ ಮೇಲೆ /ಎಫ್ ಬೇಕಿಲ್ಲ, ಅದು ಇದರೊಳಗೇ ಇದೆ. ಆದರೆ ಆ ಎರಡು ಅಕ್ಷರಗಳ ನಡುವಿನ ವ್ಯತ್ಯಾಸವೇ ಈ ಪ್ರಕರಣದ ಅರ್ಧ ಕಥೆ.

ಡ್ರೈವ್ 1 ಟಿಬಿಯದು, ಹಳೆಯ ಲ್ಯಾಪ್‌ಟಾಪಿನಿಂದ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿದ್ದು. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ (ವಿಂಡೋಸ್‌ನ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಡ್ರೈವಿನಲ್ಲಿ ಎಲ್ಲಿದೆ ಎಂಬ ಲೆಕ್ಕ ಇಡುವ ವ್ಯವಸ್ಥೆ), ಒಂದೇ ಪಾರ್ಟಿಶನ್. ಹತ್ತು ವರ್ಷದ ಫೋಟೊ, ವಿಡಿಯೊ, ಜೊತೆಗೆ ಭಾವ ಮನೆಯ ಲೆಕ್ಕವನ್ನೆಲ್ಲ ಇಟ್ಟಿದ್ದ ಒಂದು ಎಕ್ಸೆಲ್ ಫೈಲ್. ಬೇರೆಡೆ ಪ್ರತಿ ಇರಲಿಲ್ಲ. ಎರಡು ವಾರದಿಂದ ಕೆಲವು ಫೋಲ್ಡರ್ ತೆರೆದರೆ ಕಂಪ್ಯೂಟರ್ ಅರ್ಧ ನಿಮಿಷ ಹೆಪ್ಪುಗಟ್ಟಿದಂತೆ ನಿಲ್ಲುತ್ತಿತ್ತಂತೆ. ಕೊನೆಗೆ ಒಂದು ಫೋಲ್ಡರ್ ತೆರೆಯಲೇ ಇಲ್ಲ; ಫೈಲ್ ಅಥವಾ ಡೈರೆಕ್ಟರಿ ಕೆಟ್ಟಿದೆ, ಓದಲಾಗದು ಎಂಬ ಸಂದೇಶ ಬಂತು.

ಆ ಸಂದೇಶ ಎರಡು ಬೇರೆ ಬೇರೆ ಕಾಯಿಲೆಗಳಿಗೂ ಒಂದೇ ಥರ ಬರುತ್ತದೆ. ಒಂದು, ಫೈಲ್ ಸಿಸ್ಟಮ್‌ನ ಲೆಕ್ಕ ತಪ್ಪಿರಬಹುದು: ಯುಎಸ್‌ಬಿ ಕಿತ್ತದ್ದು, ಕರೆಂಟ್ ಹೋದದ್ದು, ಬರೆಯುವ ಅರ್ಧದಲ್ಲಿ ಯಂತ್ರ ನಿಂತದ್ದು. ಡ್ರೈವ್ ಗಟ್ಟಿಯಾಗಿಯೇ ಇರುತ್ತದೆ, ಅದರೊಳಗಿನ ಕಡತ ಮಾತ್ರ ಹೊಂದುವುದಿಲ್ಲ. ಇದಕ್ಕೆ ಚೆಕ್‌ಡಿಸ್ಕ್ /ಎಫ್ ಹೇಳಿ ಮಾಡಿಸಿದ ಮದ್ದು, ಸಾಮಾನ್ಯವಾಗಿ ನಿಮಿಷಗಳ ಕೆಲಸ. ಇನ್ನೊಂದು, ತಟ್ಟೆಯ ಮೇಲಿನ ಸೆಕ್ಟರುಗಳೇ, ಅಂದರೆ ಡೇಟಾ ಬರೆದಿಡುವ ಪುಟ್ಟ ಪುಟ್ಟ ಜಾಗಗಳೇ, ಓದಲು ಬಾರದಂತಾಗಿರಬಹುದು. ಆಗ ಲೆಕ್ಕ ತಿದ್ದಲು ಹೋದವನು ಕುಸಿಯುತ್ತಿರುವ ಮನೆಯೊಳಗೆ ಕೂತು ದಸ್ತಾವೇಜು ಬರೆಯುವವನಂತೆ. ಗಂಟೆಗಳ ಲೆಕ್ಕದಲ್ಲಿ ಏರುತ್ತ ಹೋಗುವ ಅಂದಾಜು ಸಮಯ ಎರಡನೆಯದರ ಕಡೆಗೇ ಬೆರಳು ಮಾಡುತ್ತಿತ್ತು.

ನಿಲ್ಲಿಸುವುದೋ ಬಿಡುವುದೋ

ಹಂತ 1, 2, 3 ಮುಗಿದಿದ್ದವು. ಮೊದಲನೆಯದರಲ್ಲಿ ಎಂಎಫ್‌ಟಿ, ಅಂದರೆ ಡ್ರೈವಿನ ಪ್ರತಿ ಫೈಲಿಗೂ ಒಂದೊಂದು ದಾಖಲೆ ಇರುವ ಪಟ್ಟಿಯ ಪರಿಶೀಲನೆ. ಎರಡನೆಯದರಲ್ಲಿ ಫೋಲ್ಡರುಗಳ ಹೆಸರುಪಟ್ಟಿ. ಮೂರರಲ್ಲಿ ಯಾರಿಗೆ ಯಾವ ಅನುಮತಿ ಎಂಬುದು. /ಎಫ್ ಮಾತ್ರ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. /ಆರ್ ಕೊಟ್ಟರೆ ಹಂತ 4ರಲ್ಲಿ ಪ್ರತಿ ಫೈಲಿನ ಪ್ರತಿ ಕ್ಲಸ್ಟರನ್ನೂ (ಫೈಲಿಗೆ ಜಾಗ ಹಂಚುವಾಗ ಬಳಸುವ ಕೆಲವು ಸೆಕ್ಟರುಗಳ ಗುಂಪು) ಓದಿ ನೋಡುತ್ತದೆ, 5ರಲ್ಲಿ ಖಾಲಿ ಜಾಗವನ್ನೂ. ಸಾಯುತ್ತಿರುವ ಡ್ರೈವಿಗೆ ಇದು ಮ್ಯಾರಥಾನ್ ಓಡಿಸಿದ ಹಾಗೆ. ಓದಲಾಗದ ಒಂದೊಂದು ಸೆಕ್ಟರ್ ಎದುರಾದಾಗಲೂ ಡ್ರೈವ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತ ಸೆಕೆಂಡುಗಟ್ಟಲೆ ನಿಲ್ಲುತ್ತದೆ.

ನಡುವೆ ನಿಲ್ಲಿಸಿದರೆ ಎಲ್ಲ ಹಾಳಾಗುತ್ತದೆ ಎಂಬ ಭಯ ಭಾವನಿಗಿತ್ತು. ಮೈಕ್ರೋಸಾಫ್ಟ್‌ನ ದಾಖಲೆಯೇ ಇದಕ್ಕೆ ಉತ್ತರ ಕೊಡುತ್ತದೆ: ನಿಲ್ಲಿಸುವುದು ಒಳ್ಳೆಯದಲ್ಲ, ಆದರೆ ನಿಲ್ಲಿಸಿದ ಮಾತ್ರಕ್ಕೆ ವಾಲ್ಯೂಮ್ (ಇಲ್ಲಿ ಡ್ರೈವಿನ ಆ ಪಾರ್ಟಿಶನ್) ಮೊದಲಿಗಿಂತ ಹೆಚ್ಚು ಕೆಡಬಾರದು. ಓಡುತ್ತಲೇ ಇದ್ದರೆ ಆಗುವ ಹಾನಿ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿತ್ತು.

"ಕಂಟ್ರೋಲ್ ಸಿ ಒತ್ತಿ. ಆದ್ರೆ ಕಿಟಕಿ ಮುಚ್ಚಬೇಡಿ. ಅದರಲ್ಲಿರೋದನ್ನೆಲ್ಲ ಮೇಲಿಂದ ಕೆಳಗೆ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಿಗೆ ಹಾಕಿ, ಬೇರೆ ಡ್ರೈವಲ್ಲಿ ಸೇವ್ ಮಾಡಿ. ಆಮೇಲೆ ಇದನ್ನ ಕಿತ್ತಿಡಿ, ಮತ್ತೆ ಹಾಕಬೇಡಿ."

ಆ ನೋಟ್‌ಪ್ಯಾಡ್ ಫೈಲ್ ಮುಂದೆ ನಮ್ಮನ್ನು ಉಳಿಸಿತು. ಚೆಕ್‌ಡಿಸ್ಕ್ ಪೂರ್ತಿ ಓಡಿದ್ದರೆ ಅದರ ವರದಿ ಇವೆಂಟ್ ವ್ಯೂವರಿನ ಅಪ್ಲಿಕೇಶನ್ ಲಾಗಿನಲ್ಲಿ ಸಿಗುತ್ತದೆ. ಅರ್ಧಕ್ಕೆ ನಿಲ್ಲಿಸಿದಾಗ ಅದನ್ನು ನಂಬಿ ಕೂರಲು ನನಗೆ ಧೈರ್ಯವಿರಲಿಲ್ಲ. ಪಠ್ಯದಲ್ಲಿ ಎರಡು ಬಗೆಯ ಸಾಲುಗಳು ಕಣ್ಣಿಗೆ ಬಿದ್ದವು. ಹಂತ 2ರಲ್ಲಿ, ಇಂಥ ಫೋಲ್ಡರಿನ ಪಟ್ಟಿಯಿಂದ ಇಂಥ ಹೆಸರನ್ನು ಅಳಿಸಲಾಗುತ್ತಿದೆ ಎಂಬ ನಾಲ್ಕು ಸಾಲು. ಹಂತ 4ರಲ್ಲಿ, ಇಂಥ ಫೈಲಿನ ಕೆಟ್ಟ ಕ್ಲಸ್ಟರುಗಳನ್ನು ಬದಲಾಯಿಸಲಾಗಿದೆ ಎಂಬ ಮೂರು ಸಾಲು: ಎರಡು ವಿಡಿಯೊ, ಮೂರನೆಯದು ಆ ಲೆಕ್ಕದ ಫೈಲ್.

ಬದಲಾಯಿಸಲಾಗಿದೆ ಎಂದರೆ ಭಾವನಿಗೆ ರಿಪೇರಿಯಾಯಿತು ಎಂದೇ ಅರ್ಥ. ನಡೆದದ್ದು ಬೇರೆ. ಚೆಕ್‌ಡಿಸ್ಕ್ ಆ ಕ್ಲಸ್ಟರನ್ನು ಓದಲು ನೋಡಿತು, ಆಗಲಿಲ್ಲ. ಫೈಲಿಗೆ ಬೇರೆ ಕಡೆ ಹೊಸ ಕ್ಲಸ್ಟರ್ ಕೊಟ್ಟಿತು, ಹಳೆಯದನ್ನು ಕೆಟ್ಟದ್ದೆಂದು ಗುರುತು ಹಾಕಿತು. ಓದಲಾಗದ ಅಕ್ಷರಗಳು ಹೊಸ ಕ್ಲಸ್ಟರಿಗೆ ಬರುವುದಾದರೂ ಎಲ್ಲಿಂದ? ಫೈಲ್ ಸಿಸ್ಟಮ್ ಮಟ್ಟಿಗೆ ಈಗ ಎಲ್ಲ ಸರಿ, ಫೈಲಿನ ಮಟ್ಟಿಗೆ ನಡುವೆ ತೂತು. ಅದಕ್ಕಿಂತ ಕೆಟ್ಟದ್ದೆಂದರೆ, ನಾಳೆ ಯಾರಾದರೂ ತಾಳ್ಮೆಯಿಂದ ಆ ಹಳೆಯ ಸೆಕ್ಟರನ್ನು ಓದಿ ತೆಗೆದರೂ ಫೈಲ್ ಅದರತ್ತ ಬೆರಳು ತೋರಿಸುವುದನ್ನೇ ನಿಲ್ಲಿಸಿರುತ್ತದೆ. ಚೆಕ್‌ಡಿಸ್ಕ್ ಮೋಸ ಮಾಡಲಿಲ್ಲ. ವಾಲ್ಯೂಮನ್ನು ಸುಸ್ಥಿತಿಗೆ ತರುವುದು ಅದರ ಕೆಲಸ, ನಿಮ್ಮ ಲೆಕ್ಕಪತ್ರ ಉಳಿಸುವುದಲ್ಲ.

"ಪಾಸ್" ಎಂಬ ಪದ

ಮರುದಿನ ಡ್ರೈವನ್ನು ಕೇಸಿನಿಂದ ಬಿಚ್ಚಿ ನನ್ನ ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ ನೇರ ಸಿಕ್ಕಿಸಿದೆ. ವಿಂಡೋಸ್ ಅಲ್ಲ, ಪೆನ್‌ಡ್ರೈವಿನಿಂದ ಓಡುವ ಲಿನಕ್ಸ್. ಡ್ರೈವ್ ಕಂಡ ತಕ್ಷಣ ತಾನಾಗಿ ಮೌಂಟ್ ಮಾಡುವ, ಅಂದರೆ ಫೈಲುಗಳು ಬಳಕೆಗೆ ಸಿಗುವಂತೆ ಜೋಡಿಸುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿದ್ದೆ. ಈ ಹಂತದಲ್ಲಿ ಡ್ರೈವಿನ ಮೇಲೆ ಯಾರೂ ಏನೂ ಬರೆಯಕೂಡದು.

ಸ್ಮಾರ್ಟ್‌ಸಿಟಿಎಲ್ ಆದೇಶಕ್ಕೆ -ಎ ಕೊಟ್ಟು ಡ್ರೈವಿನ ಸ್ವಂತ ಆರೋಗ್ಯ ದಾಖಲೆ, ಅಂದರೆ ಸ್ಮಾರ್ಟ್, ತೆಗೆದೆ. (ಯುಎಸ್‌ಬಿ ಕೇಸಿನ ಮೂಲಕವೇ ಓದುವುದಾದರೆ ಸಾಮಾನ್ಯವಾಗಿ -ಡಿ ಸ್ಯಾಟ್ ಎಂದೂ ಸೇರಿಸಬೇಕಾಗುತ್ತದೆ.) ಮೇಲ್ಗಡೆಯೇ ಒಟ್ಟು ಆರೋಗ್ಯ "ಪಾಸ್" ಎಂದಿತ್ತು. ಭಾವನ ಮುಖ ಅರಳಿತು. ನಾನು ಪರದೆಯನ್ನು ಕೆಳಗೆ ಸರಿಸಿದೆ.

5ನೇ ಸಾಲು, ಡ್ರೈವ್ ತಾನೇ ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರುಗಳ ಲೆಕ್ಕ: 24. 197ನೇ ಸಾಲು, ಓದಲಾಗದೆ ತೀರ್ಮಾನಕ್ಕೆ ಕಾದು ಕೂತ ಸೆಕ್ಟರುಗಳು: 216. 198ನೇ ಸಾಲು, ತಿದ್ದಲಾಗದ ಸೆಕ್ಟರುಗಳು: ಅಲ್ಲೂ 216. 199ನೇ ಸಾಲು, ಸಾಟಾ ಕೇಬಲ್ಲಿನಲ್ಲಿ ಆದ ತಪ್ಪುಗಳು: 0. ಈ ಕೊನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಅದೊಂದೇ ಏರುತ್ತಿದ್ದು ಉಳಿದವೆಲ್ಲ ಸೊನ್ನೆಯಿದ್ದರೆ ಹೊಸ ಕೇಬಲ್ ಹಾಕಿ ನೆಮ್ಮದಿಯಾಗಿ ಮಲಗಬಹುದು. ಇಲ್ಲಿ ಅದೃಷ್ಟ ಅಷ್ಟಿರಲಿಲ್ಲ.

216 ಎಂಬುದು 8ರ ಗುಣಕ ಎನ್ನುವುದೂ ಸುಮ್ಮನೆ ಅಲ್ಲ. ಈ ಡ್ರೈವ್ ಹೊರಗೆ 512 ಬೈಟಿನ ಸೆಕ್ಟರ್ ಎಂದು ಹೇಳಿಕೊಂಡರೂ ಒಳಗೆ ಬರೆಯುವುದು 4096 ಬೈಟಿನ ತುಂಡುಗಳಲ್ಲಿ. ಒಂದು ತುಂಡು ಹೋದರೆ ಲೆಕ್ಕದಲ್ಲಿ ಎಂಟು ಕಾಣಿಸುತ್ತವೆ. ಹಾಗಾಗಿ ನಿಜದಲ್ಲಿ 27 ತುಂಡು.

ಮತ್ತೆ "ಪಾಸ್" ಯಾಕೆ? ತಯಾರಕರು ಗೊತ್ತು ಮಾಡಿದ ಮಿತಿಯನ್ನು ಯಾವ ಅಂಕವೂ ಇನ್ನೂ ದಾಟಿಲ್ಲ ಎಂಬುದಷ್ಟೇ ಅದರ ಅರ್ಥ. ಆ ಮಿತಿಗಳು ಎಷ್ಟು ಉದಾರವಾಗಿರುತ್ತವೆಂದರೆ ಡ್ರೈವ್ ಕೊನೆಯುಸಿರೆಳೆಯುವಾಗಲೂ ಪಾಸಾಗಬಹುದು. ನಾನು ಆ ಪದವನ್ನು ಓದುವುದೇ ಬಿಟ್ಟಿದ್ದೇನೆ. ನೇರ 5, 197, 198ಕ್ಕೆ ಇಳಿಯುತ್ತೇನೆ.

ಇನ್ನೊಂದು ಮಾತು. 216 ಎಂದರೆ ಕೆಟ್ಟದ್ದು ಇಷ್ಟೇ ಎಂದಲ್ಲ, ಇಲ್ಲಿಯವರೆಗೆ ಓದಲು ಹೋಗಿ ಸಿಕ್ಕಿಬಿದ್ದದ್ದು ಇಷ್ಟು ಎಂದು. ಯಾರೂ ತಟ್ಟದ ಬಾಗಿಲ ಹಿಂದೆ ಏನಿದೆಯೋ ಡ್ರೈವಿಗೂ ಗೊತ್ತಿರುವುದಿಲ್ಲ.

ಇಮೇಜ್ ತೆಗೆದದ್ದು, ಮತ್ತು ನಾನು ಎಡವಿದ್ದು

ರಿಪೇರಿಯ ಮಾತು ಬದಿಗಿಟ್ಟು ಮೊದಲು ಇಡೀ ಡ್ರೈವನ್ನು ಇನ್ನೊಂದು ದೊಡ್ಡ ಡ್ರೈವಿನೊಳಗೆ ಒಂದೇ ಫೈಲಾಗಿ ಇಳಿಸಿಕೊಳ್ಳುವುದು; ಆ ಫೈಲೇ ಇಮೇಜ್. 1 ಟಿಬಿ ಎಂದರೆ 1,95,35,25,168 ಸೆಕ್ಟರ್, 10,00,20,48,86,016 ಬೈಟ್. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ. ಹಾಗೆ ಹಾಗೇ ಪ್ರತಿ ತೆಗೆಯುವ ಹಳೆಯ ಡಿಡಿ ಆದೇಶ ಮೊದಲ ಕೆಟ್ಟ ಸೆಕ್ಟರಿನಲ್ಲೇ ಕೈಚೆಲ್ಲುತ್ತದೆ, ಬಲವಂತ ಮಾಡಿದರೆ ಅಲ್ಲೇ ತಲೆ ಚಚ್ಚಿಕೊಳ್ಳುತ್ತದೆ. ಡಿಡಿರೆಸ್ಕ್ಯೂನ ಜಾಣತನ ಇರುವುದು ಕ್ರಮದಲ್ಲಿ: ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಹಾರಿ ಮುಂದೆ ಹೋಗಿ, ಆಮೇಲೆ ಅಂಚುಗಳನ್ನು ಕತ್ತರಿಸುತ್ತ, ಕಡೆಗೆ ಒಂದೊಂದೇ ಸೆಕ್ಟರನ್ನು ಕೆರೆಯುತ್ತ ಬರುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಬಿಟ್ಟಲ್ಲಿಂದ ಮುಂದೆ.

ಮೊದಲ ಸುತ್ತಿಗೆ -ಎನ್ ಕೊಟ್ಟೆ, ಅಂದರೆ ಕೆರೆಯುವ ಕೆಲಸ ಈಗ ಬೇಡ. ಡ್ರೈವಿಗೆ ಇನ್ನು ಎಷ್ಟು ಆಯುಸ್ಸಿದೆಯೋ ತಿಳಿಯದಾಗ ಕೆಟ್ಟ ಜಾಗದಲ್ಲಿ ಕಾಲ ಕಳೆಯುವುದು ದಡ್ಡತನ. ಊಟ ಮುಗಿಸಿ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಬಂದಿತ್ತು. ನಾನು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಶೇಕಡಾ 63ರ ಆಚೆಗೆ ಎಲ್ಲವೂ ತಪ್ಪು. ಒಂದು ಕ್ಷಣ ಎದೆ ಧಸಕ್ ಎಂದಿತು. ಆಮೇಲೆ ಡಿಮೆಸ್ಸೆಜ್ (ಲಿನಕ್ಸ್‌ನ ಒಳಗಿನ ಸಂದೇಶಗಳ ದಾಖಲೆ) ಓದಿದಾಗ ವಿಷಯ ತಿಳಿಯಿತು. ರಾತ್ರಿ ಯಾವಾಗಲೋ ಡ್ರೈವ್ ಉತ್ತರಿಸದೆ ಹೋಗಿ, ಲಿನಕ್ಸ್ ಅದನ್ನು ಬಿಟ್ಟು ಮತ್ತೆ ಹಿಡಿದಿತ್ತು. ಲಿನಕ್ಸ್ ಡ್ರೈವಿಗೆ ಕೊಟ್ಟ ಹೆಸರು ಹೋಗುವಾಗ ಎಸ್‌ಡಿಬಿ ಆಗಿದ್ದದ್ದು ಬರುವಾಗ ಎಸ್‌ಡಿಡಿ ಆಗಿತ್ತು. ನಾನು ಆದೇಶದಲ್ಲಿ ಎಸ್‌ಡಿಬಿ ಎಂದೇ ಬರೆದಿದ್ದೆ. ಅಲ್ಲಿ ಯಾರೂ ಇರಲಿಲ್ಲ, ಡಿಡಿರೆಸ್ಕ್ಯೂ ಖಾಲಿ ಬಾಗಿಲು ತಟ್ಟುತ್ತ ಉಳಿದದ್ದನ್ನೆಲ್ಲ ಓದಲಾಗದ ಪಟ್ಟಿಗೆ ಸೇರಿಸಿತ್ತು.

ಇದು ನನ್ನ ತಪ್ಪು, ನೇರವಾಗಿ. ಡೆವ್ ಫೋಲ್ಡರಿನಲ್ಲಿ ಡಿಸ್ಕ್, ಅದರೊಳಗೆ ಬೈ-ಐಡಿ ಎಂದಿರುವಲ್ಲಿ ಮಾದರಿ ಮತ್ತು ಕ್ರಮಸಂಖ್ಯೆ ಸೇರಿದ ಹೆಸರು ಇರುತ್ತದೆ, ಅದು ಬದಲಾಗುವುದಿಲ್ಲ. ಅದನ್ನೇ ಬಳಸಬೇಕಿತ್ತು. ತಿರುಗುಮುರುಗಾಗಿ ಬೇರೆ ಡ್ರೈವಿಗೆ ಎಸ್‌ಡಿಬಿ ಹೆಸರು ಸಿಕ್ಕಿದ್ದರೆ ಅದರ ಸೆಕ್ಟರುಗಳು ಇಮೇಜಿನೊಳಗೆ ಸೇರಿಹೋಗುತ್ತಿದ್ದವು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪರಿಹಾರ ಸರಳವಿತ್ತು. ವಿದ್ಯುತ್ ಪೂರ್ತಿ ಕಡಿದು, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ಸರಿಯಾದ ಹೆಸರಿನೊಂದಿಗೆ ಮತ್ತೆ ಓಡಿಸಿದೆ. ಜೊತೆಗೆ ದೊಡ್ಡ ಎ ಅಕ್ಷರದ ಆಯ್ಕೆ. ಅದು ಹಾರಿಬಿಟ್ಟ ಜಾಗಗಳನ್ನೆಲ್ಲ ಇನ್ನೂ ಮುಟ್ಟಿಲ್ಲ ಎಂದು ತಿರುಗಿ ಗುರುತು ಹಾಕುತ್ತದೆ. ಓದಿ ಮುಗಿಸಿದ 63 ಭಾಗವನ್ನು ಮುಟ್ಟುವುದಿಲ್ಲ. ಸಂಜೆಗೆ ಮೊದಲ ಸುತ್ತು ಮುಗಿದು ಸುಮಾರು 300 ಎಂಬಿ ಮಾತ್ರ ಬಾಕಿ ಉಳಿದಿತ್ತು. ಕೆರೆಯುವ ಸುತ್ತಿನ ಕೊನೆಗೆ ಅದು 3 ಎಂಬಿಯ ಆಸುಪಾಸು. -ಆರ್3 ಕೊಟ್ಟು ಮೂರು ಬಾರಿ ಮರುಪ್ರಯತ್ನಿಸಿದ ಮೇಲೆ ನಿಂತದ್ದು 14,09,024 ಬೈಟಿಗೆ. ಅಂದರೆ 4096 ಬೈಟಿನ 344 ತುಂಡು, ಇಡೀ ಡ್ರೈವಿನಲ್ಲಿ. 197ನೇ ಸಾಲು ಈಗ 2,700 ದಾಟಿತ್ತು.

ಡ್ರೈವನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಇಮೇಜಿನ ಮೇಲೆ.

ಯಾವ ಫೈಲ್, ಎಲ್ಲಿ ತೂತು

344 ತುಂಡು ಕೆಟ್ಟಿದೆ ಎಂದರೆ ಭಾವನಿಗೆ ಏನು ಪ್ರಯೋಜನ? ಅವರಿಗೆ ಬೇಕಿದ್ದದ್ದು ಫೈಲಿನ ಹೆಸರು. ಡಿಡಿರೆಸ್ಕ್ಯೂನಲ್ಲೇ ಒಂದು ಉಪಾಯವಿದೆ, ಫಿಲ್ ಮೋಡ್. ಓದಲಾಗದ ಜಾಗಗಳಲ್ಲೆಲ್ಲ ನಾವು ಕೊಟ್ಟ ಗುರುತಿನ ಪದವನ್ನು ಇಮೇಜಿನೊಳಗೆ ತುಂಬಿಸುತ್ತದೆ. ನಾನು ಎಲ್ಲೂ ಸಹಜವಾಗಿ ಬರಲಾರದ ಒಂದು ಪದ ಕೊಟ್ಟೆ. ಆಮೇಲೆ ಇಮೇಜನ್ನು ಓದಲು ಮಾತ್ರ ಎಂಬ ಷರತ್ತಿನಲ್ಲಿ ಮೌಂಟ್ ಮಾಡಿ, ಗ್ರೆಪ್ ಆದೇಶದಿಂದ ಆ ಪದ ಯಾವ ಫೈಲಿನಲ್ಲಿದೆ ಎಂದು ಹುಡುಕಿಸಿದೆ. 11 ಫೈಲ್: ಏಳು ವಿಡಿಯೊ, ನಾಲ್ಕು ಫೋಟೊ. ಉಳಿದ ತುಂಡುಗಳಲ್ಲಿ ಹೆಚ್ಚಿನವು ಖಾಲಿ ಜಾಗದಲ್ಲಿದ್ದವು. ಫೋಟೊಗಳಲ್ಲಿ ಒಂದನ್ನು ತೆರೆದರೆ ಮೇಲಿನ ಅರ್ಧದಲ್ಲಿ ಅಕ್ಕನ ಮುಖ, ಕತ್ತಿನಿಂದ ಕೆಳಗೆ ಬೂದು ಬಣ್ಣದ ಪಟ್ಟಿ.

ಎಂಎಫ್‌ಟಿಯೊಳಗೂ ಒಂದು ತುಂಡು ಹೋಗಿತ್ತು. ಅಲ್ಲಿ ಒಂದು ದಾಖಲೆಗೆ 1024 ಬೈಟ್, ಆದ್ದರಿಂದ ಒಂದು ತುಂಡು ಕೆಟ್ಟರೆ ನಾಲ್ಕು ಫೈಲ್ ಅನಾಥ. ಚೆಕ್‌ಡಿಸ್ಕ್ ಹಂತ 2ರಲ್ಲಿ ಅಳಿಸಿದ ನಾಲ್ಕು ಹೆಸರುಗಳ ಲೆಕ್ಕ ಇದಕ್ಕೆ ಸರಿಹೊಂದಿತು. ನಾಲ್ಕೂ ಫೋಟೊಗಳೇ. ಕಳೆದುಹೋದ ಫೈಲ್ ಹುಡುಕುವ ಫೋಟೊರೆಕ್ ತಂತ್ರಾಂಶ ಹೆಸರು ನೋಡುವುದಿಲ್ಲ, ಜೆಪೆಗ್‌ನ ತಲೆಬರಹ ಕಂಡಲ್ಲಿಂದ ಎತ್ತಿಕೊಳ್ಳುತ್ತದೆ. ನಾಲ್ಕನ್ನೂ ತಂದುಕೊಟ್ಟಿತು, ಬರೀ ಅಂಕಿಯ ಹೆಸರಿನಲ್ಲಿ.

ಗ್ರೆಪ್ ಕೊಟ್ಟ ಪಟ್ಟಿಯಲ್ಲಿ ಲೆಕ್ಕದ ಫೈಲ್ ಇರಲಿಲ್ಲ. ಗಮನಿಸದಿದ್ದರೆ ಅದು ಸುರಕ್ಷಿತ ಎಂದೇ ತಿಳಿಯುತ್ತಿದ್ದೆವು. ಅದರ ಕೆಟ್ಟ ಕ್ಲಸ್ಟರನ್ನು ಚೆಕ್‌ಡಿಸ್ಕ್ ಆಗಲೇ ಬೇರ್ಪಡಿಸಿದ್ದರಿಂದ ನನ್ನ ಗುರುತಿನ ಪದ ಅದರೊಳಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಆ ಮೂರು ಫೈಲುಗಳ ಸುಳಿವು ಇದ್ದದ್ದು ನೋಟ್‌ಪ್ಯಾಡಿನಲ್ಲಿ ಮಾತ್ರ.

ಎಕ್ಸೆಲ್‌ನ ಈಗಿನ ಫೈಲ್ ಎಂದರೆ ಒಳಗೆ ಒಂದು ಜಿಪ್. ಜಿಪ್ ಪ್ರತಿ ಭಾಗಕ್ಕೂ, ಡೇಟಾ ಬದಲಾಗಿದೆಯೇ ಎಂದು ನೋಡಲು, ಒಂದು ತಾಳೆಮೊತ್ತ ಇಟ್ಟುಕೊಂಡಿರುತ್ತದೆ. ಅನ್‌ಜಿಪ್ -ಟಿ ಕೊಟ್ಟರೆ ಮುಖ್ಯ ಹಾಳೆಯಲ್ಲಿ ತಾಳೆ ತಪ್ಪಿದೆ ಎಂದಿತು. ಹೆಕ್ಸ್ ನೋಟದಲ್ಲಿ ತೆರೆದೆ. ಕುಗ್ಗಿಸಿದ ಡೇಟಾದಲ್ಲಿ ಬೈಟುಗಳು ಕಲಸುಮೇಲೋಗರವಾಗಿ ಇರುತ್ತವೆ, ಉದ್ದಕ್ಕೆ ಸೊನ್ನೆಗಳು ಬರುವುದಿಲ್ಲ. ಇಲ್ಲಿ ಸರಿಯಾಗಿ 4096ರ ಗುಣಕದಲ್ಲಿ ಶುರುವಾಗಿ, ಸರಿಯಾಗಿ 4096 ಬೈಟ್ ಉದ್ದಕ್ಕೆ, ಸೊನ್ನೆಯ ಗೋಡೆ.

ಹಳೆಯ ಕ್ಲಸ್ಟರ್ ಎಲ್ಲಿ? ಎನ್‌ಟಿಎಫ್‌ಎಸ್‌ನಲ್ಲಿ ಎಂಎಫ್‌ಟಿಯ ಮೊದಲ ಕೆಲವು ದಾಖಲೆಗಳು ಫೈಲ್ ಸಿಸ್ಟಮ್‌ನ ಸ್ವಂತಕ್ಕೆ ಮೀಸಲು, ಅದರಲ್ಲಿ 8ನೆಯದು ಬ್ಯಾಡ್‌ಕ್ಲಸ್ ಎಂಬ ಫೈಲ್. ಕೆಟ್ಟದ್ದೆಂದು ಗುರುತಾದ ಕ್ಲಸ್ಟರುಗಳೆಲ್ಲ ಅದರ ಲೆಕ್ಕಕ್ಕೆ. ಎನ್‌ಟಿಎಫ್‌ಎಸ್‌ಇನ್ಫೊ ಆದೇಶದಿಂದ 8ನೇ ದಾಖಲೆ ತೆಗೆಸಿದೆ. ಮೂರೇ ಮೂರು ಕ್ಲಸ್ಟರ್. ಉದಾಹರಣೆಗೆ ಒಂದರ ಸಂಖ್ಯೆ 5,15,41,768. ಒಂದು ಕ್ಲಸ್ಟರಿಗೆ 8 ಸೆಕ್ಟರ್, ಪಾರ್ಟಿಶನ್ ಶುರುವಾಗುವುದು 2048ರಲ್ಲಿ. ಗುಣಿಸಿ ಕೂಡಿದರೆ ಇಡೀ ಡ್ರೈವಿನ 41,23,36,192ನೇ ಸೆಕ್ಟರ್. ಮ್ಯಾಪ್ ಫೈಲಿನಲ್ಲಿ ಆ ಜಾಗದ ಮುಂದೆ ಕೂಡಿಸುವ ಚಿಹ್ನೆ, ಅಂದರೆ ಓದಿ ಮುಗಿದಿದೆ! ಚೆಕ್‌ಡಿಸ್ಕ್ ಸತ್ತಿತೆಂದು ಬಿಟ್ಟುಹೋದ ಸೆಕ್ಟರನ್ನು ಮರುಪ್ರಯತ್ನದ ಯಾವುದೋ ಸುತ್ತು ಎಬ್ಬಿಸಿ ತಂದಿತ್ತು. ಮೂರರಲ್ಲಿ ಎರಡು ಹೀಗೆ ಬಂದಿದ್ದವು, ಒಂದು ಬರಲೇ ಇಲ್ಲ.

ಯಾವ ಕ್ಲಸ್ಟರ್ ಯಾವ ಫೈಲಿನದೆಂದು ಬ್ಯಾಡ್‌ಕ್ಲಸ್ ಹೇಳುವುದಿಲ್ಲ. ಅದಕ್ಕೆ ಲೆಕ್ಕದ ಫೈಲಿನ ಎರಡು ಪ್ರತಿ ಮಾಡಿ, ಸೊನ್ನೆಯ ಗೋಡೆಯ ಜಾಗಕ್ಕೆ ಒಂದರಲ್ಲಿ ಈ ಕ್ಲಸ್ಟರನ್ನೂ ಇನ್ನೊಂದರಲ್ಲಿ ಆ ಕ್ಲಸ್ಟರನ್ನೂ ಡಿಡಿ ಆದೇಶದಿಂದ ಕೂರಿಸಿದೆ. ಮೊದಲನೆಯದು: ತಾಳೆ ತಪ್ಪಿದೆ. ಎರಡನೆಯದು: ಕುಗ್ಗಿಸಿದ ಡೇಟಾದಲ್ಲಿ ಯಾವ ದೋಷವೂ ಇಲ್ಲ.

ಭಾವ ಪಕ್ಕದಲ್ಲೇ ಕೂತಿದ್ದರು. ಫೈಲ್ ತೆರೆದು, ಕೆಳಗಿನ ಸಾಲಿನವರೆಗೂ ಇಳಿದು, "ಇದೇ, ಇದೇ" ಎಂದರು.

ಉಳಿದ ಕ್ಲಸ್ಟರ್ ಒಂದು ವಿಡಿಯೊದ ತೂತಿಗೆ ಹೊಂದಿತು. ಇನ್ನೊಂದು ವಿಡಿಯೊ ಈಗಲೂ ಒಂದು ಕಡೆ ಕ್ಷಣಕಾಲ ಚೌಕಚೌಕವಾಗಿ ಒಡೆಯುತ್ತದೆ, ನೋಡಲು ಅಡ್ಡಿಯಿಲ್ಲ.

ಕಡೆಗೊಮ್ಮೆ ಚೆಕ್‌ಡಿಸ್ಕ್

ಚೆಕ್‌ಡಿಸ್ಕ್ ಮೇಲೆ ನನಗೆ ಹಗೆಯಿಲ್ಲ. ಫೈಲ್ ಸಿಸ್ಟಮ್‌ನ ಗೋಜಲು ಬಿಡಿಸಲು ಎನ್‌ಟಿಎಫ್‌ಎಸ್‌ಗೆ ಅದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಒಂದಿಷ್ಟು ಮೇಲ್ಮಟ್ಟದ ತಪ್ಪು ಸರಿಪಡಿಸಿ, ಮುಂದಿನ ಬಾರಿ ವಿಂಡೋಸ್ ಪರೀಕ್ಷಿಸಲಿ ಎಂದು ಚೀಟಿ ಅಂಟಿಸಿ ಸುಮ್ಮನಾಗುತ್ತದೆ. ಹಾಗಾಗಿ ಇಮೇಜಿನ ಮೇಲೆಯೇ ಚೆಕ್‌ಡಿಸ್ಕ್ ಓಡಿಸಿದೆ, ಆದರೆ ಇಮೇಜ್ ಮುಟ್ಟದೆ. ಕ್ಯೂಇಎಂಯು-ಐಎಂಜಿ ಆದೇಶದಿಂದ ಅದರ ಮೇಲೊಂದು ತೆಳು ಪದರದ ಫೈಲ್ ಮಾಡಿ, ವರ್ಚುವಲ್ ಯಂತ್ರದ ವಿಂಡೋಸ್‌ಗೆ ಅದನ್ನು ಡ್ರೈವ್ ಎಂದು ಕೊಟ್ಟೆ. ಬರೆಯುವುದೆಲ್ಲ ಪದರಕ್ಕೆ ಹೋಗುತ್ತದೆ, ಕೆಳಗಿನ ಇಮೇಜ್ ಕದಲುವುದಿಲ್ಲ. ಹಿಡಿಸದಿದ್ದರೆ ಪದರ ಎಸೆದು ಹೊಸದು ಮಾಡಿಕೊಳ್ಳಬಹುದು.

ಮೊದಲು ಬರೀ ಚೆಕ್‌ಡಿಸ್ಕ್, ಯಾವ ಅಕ್ಷರವೂ ಇಲ್ಲದೆ. ಆಗ ಅದು ನೋಡಿ ವರದಿ ಮಾಡುತ್ತದೆಯೇ ಹೊರತು ತಿದ್ದುವುದಿಲ್ಲ. ಈ ಒಂದು ಹೆಜ್ಜೆ ಭಾವ ಅಂದು ಇಟ್ಟಿದ್ದರೆ! ಆಮೇಲೆ /ಎಫ್. ಹನ್ನೆರಡು ನಿಮಿಷ ಹಿಡಿಯಿತು. ಫೋಲ್ಡರಿನಿಂದ ಕಳಚಿಕೊಂಡಿದ್ದ ಹಲವು ಫೈಲುಗಳನ್ನು ಅವುಗಳ ಜಾಗಕ್ಕೇ ಸೇರಿಸಿತು. ಪ್ರತಿ ಫೈಲಿನ ದಾಖಲೆಯಲ್ಲಿ ಅದರ ತಾಯಿ ಫೋಲ್ಡರ್ ಯಾವುದೆಂದೂ ಬರೆದಿರುತ್ತದೆ, ಅದನ್ನು ಓದಿಕೊಂಡು ಮನೆಗೆ ಮುಟ್ಟಿಸುತ್ತದೆ. ವಿಳಾಸ ತಿಳಿಯದವು ಫೌಂಡ್ ಡಾಟ್ 000 ಎಂಬ ಫೋಲ್ಡರಿಗೆ. ಕೊನೆಗೆ /ಬಿ. ಇದು ಹಳೆಯ ಕೆಟ್ಟ ಕ್ಲಸ್ಟರುಗಳ ಪಟ್ಟಿ ಅಳಿಸಿ ಹೊಸದಾಗಿ ಪರೀಕ್ಷಿಸುವ ಆಯ್ಕೆ. ಗಟ್ಟಿ ಡ್ರೈವಿಗೆ ಇಮೇಜ್ ಇಳಿಸಿದ ಮೇಲೆ ಹಳೆಯ ಡ್ರೈವಿನ ಗಾಯದ ಪಟ್ಟಿ ಹೊತ್ತು ತಿರುಗಬೇಕಿಲ್ಲ. ಆದರೆ ಬ್ಯಾಡ್‌ಕ್ಲಸ್‌ನಿಂದ ಬೇಕಾದದ್ದನ್ನೆಲ್ಲ ತೆಗೆದುಕೊಂಡ ಮೇಲಷ್ಟೇ.

ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಆಗಿದ್ದರೆ ಹೆಸರುಗಳು ಬೇರೆ, ಕ್ರಮ ಇದೇ: ಅನ್‌ಮೌಂಟ್ ಮಾಡಿ, ಇ2ಎಫ್‌ಎಸ್‌ಸಿಕೆ -ಎನ್ ಕೊಟ್ಟು ಮೊದಲು ಬರೀ ನೋಡಿ, ಆಮೇಲೆ ತಿದ್ದಿಸುವುದು. ಮೌಂಟ್ ಆಗಿರುವಾಗ ತಿದ್ದಲು ಹೋಗಿ ಗಟ್ಟಿಯಿದ್ದ ಫೈಲ್ ಸಿಸ್ಟಮನ್ನು ಕೈಯಾರೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಎಲ್ಲ ಮುಗಿದು ಫೈಲುಗಳು ಎರಡು ಹೊಸ ಡ್ರೈವುಗಳಿಗೆ ಹೋದ ಮೇಲೆ, ಕುತೂಹಲಕ್ಕೆಂದು ಹಳೆಯ ಡ್ರೈವಿನ ತುಂಬ ಸೊನ್ನೆ ಬರೆದೆ. ಕಾದು ಕೂತ ಸೆಕ್ಟರಿನ ಮೇಲೆ ಬರೆದರೆ ಡ್ರೈವ್ ಒಂದೋ ಅದನ್ನೇ ಒಪ್ಪಿಕೊಳ್ಳುತ್ತದೆ, ಇಲ್ಲವೇ ಬದಲಿ ಜಾಗಕ್ಕೆ ಕಳಿಸುತ್ತದೆ. ಬರೆದು ಮುಗಿದಾಗ 197ನೇ ಸಾಲು 0. 5ನೇ ಸಾಲು ಸಾವಿರ ದಾಟಿತ್ತು. ಮೇಲೆ ಮತ್ತದೇ "ಪಾಸ್".

"ಹಾಗಾದ್ರೆ ಸರಿಹೋಯ್ತಲ್ಲ? ಸಿನಿಮಾ ಹಾಕ್ಕೊಳ್ಳೋಕಾದ್ರೂ ಇಟ್ಕೋತೀನಿ," ಎಂದರು ಭಾವ.

ಒಂದು ರಾತ್ರಿ ತಡೆಯಿರಿ ಎಂದು ಸ್ಮಾರ್ಟ್‌ನ ದೀರ್ಘ ಪರೀಕ್ಷೆಗೆ ಹಾಕಿದೆ. ಬೆಳಿಗ್ಗೆ 197ನೇ ಸಾಲಿನಲ್ಲಿ 48 ಇತ್ತು.